ಕಪ್ಪು ಹಾಕುವವನಿಗೆ ಕೆಲಸ ಜಾಸ್ತಿ

ನವೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ ಬೆಂಗಳೂರಿನಲ್ಲಿ ನನಗೆ ಮರ್ಯಾದೆ ಜಾಸ್ತಿ. ಟೀ ಅಂಗಡಿಯವರು ‘ಸ್ವಾಮಿ, ಸಕ್ಕರೆ ಕಮ್ಮಿನಾ?’ ಎನ್ನುತ್ತಾರೆ. ಆಟೋದವರು ಮೀಟರ್ ಮೇಲೆ ಇಪ್ಪತ್ತು ಕೇಳುವಾಗಲೂ ‘ಸ್ವಾಮಿ’ ಸೇರಿಸುತ್ತಾರೆ. ಮಿಲಿಟರಿ ಹೋಟೆಲಿನಲ್ಲಿ ಮಾತ್ರ ಸ್ವಲ್ಪ ಕಷ್ಟ. ಮಟನ್ ಚಾಪ್ಸ್ ಮುಂದಿಟ್ಟುಕೊಂಡು ಕೂತಾಗ ಪಕ್ಕದ ಟೇಬಲಿನವರ ಕಣ್ಣು ನನ್ನ ಕುತ್ತಿಗೆಯಲ್ಲಿ ಮಾಲೆ ಹುಡುಕುತ್ತದೆ. ಇಲ್ಲ ಎಂದು ಖಾತ್ರಿಯಾದ ಮೇಲೆ ಅವರ ಊಟ ಮುಂದುವರಿಯುತ್ತದೆ. ಶಬರಿಮಲೆಗೆ ಹೊರಟವರು 41 ದಿನದ ವ್ರತಕ್ಕೆ ಕಪ್ಪು ಉಡುತ್ತಾರೆ. ನಾನು ಯಾವ ವ್ರತವೂ ಇಲ್ಲದೆ ವರ್ಷವಿಡೀ ಉಡುತ್ತೇನೆ.

ಅಂಗಿ, ಪ್ಯಾಂಟು, ಬೆಲ್ಟು, ಶೂ, ಮೇಲಿಂದ ಕೆಳಗಿನವರೆಗೂ ಕಪ್ಪು. ‘ಬೆಳಿಗ್ಗೆ ಎದ್ದು ಯೋಚನೆ ಮಾಡೋ ಗೋಜೇ ಇಲ್ಲ ಬಿಡು ನಿಂಗೆ’ ಎಂದು ಗೆಳೆಯರು ಹೇಳುತ್ತಾರೆ. ಕಪ್ಪಿನ ಬಗ್ಗೆ ಹೀಗೆ ಮೂರು ಮಾತು ಚಾಲ್ತಿಯಲ್ಲಿವೆ: ಅದು ಸೋಮಾರಿಗಳ ಬಣ್ಣ, ಹೊಟ್ಟೆ ಮುಚ್ಚುವ ಬಣ್ಣ, ಕೊಳೆ ಕಾಣದ ಬಣ್ಣ. ಮೂರನೆಯದನ್ನು ಹೇಳುವವರು ಕಪ್ಪು ಪ್ಯಾಂಟು ಹಾಕಿಕೊಂಡು ಒಮ್ಮೆಯೂ ಬಿಎಂಟಿಸಿ ಬಸ್ಸಿನ ಸೀಟಿನ ಮೇಲೆ ಕೂತಿಲ್ಲ. ಎರಡನೆಯದು ಅರ್ಧ ನಿಜ. ಸಡಿಲವಾಗಿ, ಸರಿಯಾದ ಅಳತೆಯಲ್ಲಿ ಹೊಲಿಸಿದ್ದರೆ ಹೊಟ್ಟೆಯ ಗಡಿ ಮಸುಕಾಗುತ್ತದೆ. ಬಿಗಿಯಾಗಿದ್ದರೆ ಗುಂಡಿಗಳ ನಡುವೆ ಬಾಯಿ ಬಿಟ್ಟ ಜಾಗದಲ್ಲಿ ಬನಿಯನ್ನಿನ ಬಿಳುಪು ಇಣುಕಿ, ಇಡೀ ಅಂಗಿಯಲ್ಲಿ ಎದ್ದು ಕಾಣುವುದು ಅದೊಂದೇ ಆಗುತ್ತದೆ. ಇನ್ನು ಸೋಮಾರಿತನ. ಈ ಬರಹದ ತಕರಾರೇ ಅದು.

ಬಣ್ಣ ಇದ್ದಾಗ ನೋಡುವವರ ಕಣ್ಣಿಗೆ ಒಂದು ಕೆಲಸ ಸಿಕ್ಕಿರುತ್ತದೆ. ನೀಲಿಗೆ ಬೂದು ಹೊಂದಿತೇ, ಚೆಕ್ಸು ಜಾಸ್ತಿಯಾಯಿತೇ ಎಂದು ಅದು ನೋಡಿಕೊಂಡು ಹೋಗುತ್ತದೆ. ಬಣ್ಣವನ್ನೇ ತೆಗೆದುಬಿಟ್ಟರೆ ಅದೇ ಕಣ್ಣು ಭುಜದ ಹೊಲಿಗೆ ಎಲ್ಲಿ ಕೂತಿದೆ ಎಂದು ನೋಡುತ್ತದೆ. ಕಾಲರ್ ಮಡಿಕೆಯಲ್ಲಿ ಬಟ್ಟೆ ಸವೆದಿದೆಯೇ, ಮಂಡಿಯ ಹತ್ತಿರ ಬಣ್ಣ ಹೋಗಿದೆಯೇ, ಗುಂಡಿ ಯಾವ ಪ್ಲಾಸ್ಟಿಕ್ಕಿನದು ಎಂದೆಲ್ಲ ನೋಡುತ್ತದೆ. ಸಾಧಾರಣ ಹೊಲಿಗೆಯ ಹೂವಿನ ಅಂಗಿ ಗಲಾಟೆಯಲ್ಲಿ ಪಾರಾಗಿಬಿಡಬಹುದು. ಸಾಧಾರಣ ಹೊಲಿಗೆಯ ಕಪ್ಪಂಗಿ ಪಾರಾಗುವುದಿಲ್ಲ.

ನಮ್ಮ ಕಡೆ ಇದರ ಜೊತೆಗೆ ಇನ್ನೊಂದು ತೊಡಕಿದೆ. ಪೂರ್ತಿ ಕಪ್ಪು ಹಾಕಿದ ಗಂಡಸನ್ನು ಕಂಡರೆ ಜನ ‘ಚೆನ್ನಾಗಿದೆಯಾ’ ಎಂದು ನೋಡುವ ಮೊದಲು ‘ಇವನು ಯಾರು’ ಎಂದು ನೋಡುತ್ತಾರೆ. ಏಕೆಂದರೆ ಕಪ್ಪು ಇಲ್ಲಿ ಯಾವಾಗಲೂ ಯಾರದೋ ಸೊತ್ತು. ಅಯ್ಯಪ್ಪ ಸ್ವಾಮಿಗಳದ್ದಾಯಿತು. ಕೋರ್ಟಿನ ಸುತ್ತಮುತ್ತ ಅದು ವಕೀಲರದ್ದು. 1961ರ ವಕೀಲರ ಕಾಯ್ದೆಯಡಿ ಬಾರ್ ಕೌನ್ಸಿಲ್ ಮಾಡಿದ ನಿಯಮಗಳು ಕಪ್ಪು ಕೋಟು, ಬಿಳಿ ಬ್ಯಾಂಡುಗಳನ್ನು ಕಡ್ಡಾಯ ಮಾಡಿವೆ. ಬೇಸಿಗೆಯಲ್ಲಿ ಸುಪ್ರೀಂ ಕೋರ್ಟು, ಹೈಕೋರ್ಟು ಬಿಟ್ಟು ಉಳಿದ ಕಡೆ ಕೋಟಿಗೆ ವಿನಾಯಿತಿ ಇದ್ದರೂ ಎಷ್ಟೋ ವಕೀಲರು ಬಿಸಿಲಲ್ಲೂ ಅದನ್ನು ತೋಳಿನ ಮೇಲಾದರೂ ಹೊತ್ತುಕೊಂಡೇ ಓಡಾಡುತ್ತಾರೆ. ರೈಲಿನಲ್ಲಿ ಕಪ್ಪು ಕೋಟು ಟಿ.ಟಿ.ಇ.ಯದ್ದು, ಬೋಗಿಯ ಆ ತುದಿಯಲ್ಲಿ ಅದು ಕಂಡರೆ ಈ ತುದಿಯಲ್ಲಿ ಕೈಗಳು ಜೇಬಿಗೆ ಹೋಗುತ್ತವೆ. ತಮಿಳುನಾಡಿಗೆ ಹೋದರೆ ಕಪ್ಪಂಗಿ 1940ರ ದಶಕದಿಂದಲೇ ಪೆರಿಯಾರ್ ಅವರ ದ್ರಾವಿಡರ್ ಕಳಗಂನ ಗುರುತು. ಒಂದೇ ಬಣ್ಣ, ಶಬರಿಮಲೆಗೆ ಹೊರಟವನ ಮೈಮೇಲೂ ಇದೆ, ದೇವರಿಲ್ಲ ಎಂದವನ ಮೈಮೇಲೂ ಇದೆ. ಇತ್ತೀಚೆಗೆ ಸ್ಟಾರ್ಟಪ್ ಮಂದಿಯೂ ಬಂದು ಸೇರಿದ್ದಾರೆ. ಸ್ಟೀವ್ ಜಾಬ್ಸ್ ಜಪಾನಿನ ವಸ್ತ್ರವಿನ್ಯಾಸಕ ಇಸ್ಸೆ ಮಿಯಾಕೆಯಿಂದ ಒಂದೇ ಥರದ ಕಪ್ಪು ಅಂಗಿಗಳನ್ನು ರಾಶಿಗಟ್ಟಲೆ ಮಾಡಿಸಿಕೊಂಡ ಕತೆ ಕೋರಮಂಗಲದ ಕಾಫಿ ಅಂಗಡಿಗಳಲ್ಲಿ ಎಲ್ಲರಿಗೂ ಬಾಯಿಪಾಠ. ಅಂಗಿಯನ್ನು ನಕಲು ಮಾಡಿದಷ್ಟು ಸುಲಭವಾಗಿ ಕಂಪನಿಯನ್ನು ಮಾಡಲಾಗಿಲ್ಲ, ಅಷ್ಟೇ.

ಇಷ್ಟೆಲ್ಲ ವಾರಸುದಾರರ ನಡುವೆ, ಯಾವ ಸಮವಸ್ತ್ರವೂ ಅಲ್ಲದಂತೆ ಕಪ್ಪು ಹಾಕುವುದು ಹೇಗೆ? ಇದಕ್ಕೆ ನನಗೆ ಪಾಠ ಸಿಕ್ಕಿದ್ದು ಫ್ಯಾಷನ್ ಪತ್ರಿಕೆಗಳಲ್ಲಿ ಅಲ್ಲ. ಎರಡು ಹಳೆಯ ಉಡುಪುಗಳಲ್ಲಿ.

ಒಂದು, ಕೊಡವರ ಕುಪ್ಯ. ಮಂಡಿಯವರೆಗೆ ಇಳಿಯುವ, ಮುಂದೆ ತೆರೆದ, ಅರ್ಧ ತೋಳಿನ ಕಪ್ಪು ಅಂಗಿ. ಒಳಗಿನ ಬಿಳಿ ಶರ್ಟಿನ ತೋಳು ಅದರಾಚೆಗೆ ಕಾಣುತ್ತದೆ. ಸೊಂಟಕ್ಕೆ ಕೆಂಪು ರೇಷ್ಮೆಯ ಚೇಲೆ, ಅದರಲ್ಲಿ ಸಿಕ್ಕಿಸಿದ ಪೀಚೆಕತ್ತಿಯ ಬೆಳ್ಳಿ. ಮದುಮಗ ಬಿಳಿ ಕುಪ್ಯ ತೊಟ್ಟರೆ ಸುತ್ತ ನೆಂಟರಿಷ್ಟರು ಕಪ್ಪಿನಲ್ಲಿರುತ್ತಾರೆ. ಮಡಿಕೇರಿ ಕಡೆಯ ಒಂದು ಮದುವೆಯಲ್ಲಿ ಬಾಗಿಲ ಬಳಿ ನಿಂತಿದ್ದ ಆ ಗಂಡಸರ ಸಾಲನ್ನು ನೋಡುತ್ತಾ ನನಗೆ ಹೊಳೆದದ್ದಿಷ್ಟು: ಇಡೀ ಮೈ ಕಪ್ಪಿದ್ದರೂ ಯಾರೂ ಮಂಕಾಗಿಲ್ಲ, ಏಕೆಂದರೆ ಬಣ್ಣಕ್ಕೆ ಒಂದೇ ಒಂದು ಜಾಗ ಕೊಟ್ಟಿದ್ದಾರೆ, ಸೊಂಟ. ಲೋಹವೂ ಅಲ್ಲೇ. ಕೆಂಪು ಕರವಸ್ತ್ರ, ಕೆಂಪು ವಾಚಿನ ಪಟ್ಟಿ, ಕೆಂಪು ಸಾಕ್ಸು ಎಂದು ಮೂರು ಕಡೆ ಹಂಚಿದ್ದರೆ ಅದು ನಾಟಕದ ವೇಷವಾಗುತ್ತಿತ್ತು.

ಇನ್ನೊಂದು, ಕುರುಬರ ಕರಿ ಕಂಬಳಿ. ಚಳ್ಳಕೆರೆ ಕಡೆ ನೇಯುವ ಆ ಕಂಬಳಿಯ ಕಪ್ಪು ಕುರಿಯ ಮೈಯಿಂದಲೇ ಬಂದದ್ದು, ಬಣ್ಣ ಹಾಕಿದ್ದಲ್ಲ. ಹುಣಸೆಬೀಜದ ಗಂಜಿ ಹಚ್ಚಿ ಬಿಗಿ ಮಾಡಿದ ಉಣ್ಣೆ. ಹತ್ತಿರ ಹಿಡಿದು ನೋಡಿದರೆ ಅದರಲ್ಲಿ ಒಂದು ಕಪ್ಪಿಲ್ಲ. ಕಂದು ಎಳೆ, ಬೂದು ಎಳೆ, ಅಲ್ಲೊಂದು ಇಲ್ಲೊಂದು ಬಿಳಿ ಕೂದಲು, ಎಲ್ಲ ಸೇರಿ ಹತ್ತು ಮಾರು ದೂರದಿಂದ ಕಪ್ಪಾಗಿ ಕಾಣುತ್ತವೆ. ಕೈಗೆ ಒರಟು, ಕಣ್ಣಿಗೆ ಆಳ. ಕಪ್ಪು ಚೆನ್ನಾಗಿ ಕಾಣಬೇಕಾದರೆ ಬಟ್ಟೆಗೆ ಮೈ ಇರಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ನುಣ್ಣಗೆ ಮಿರುಗುವ ತೆಳು ಪಾಲಿಯೆಸ್ಟರ್ ಕಪ್ಪಿಗೆ ಮೈಯೇ ಇರುವುದಿಲ್ಲ. ಟ್ಯೂಬ್‌ಲೈಟ್ ಕೆಳಗೆ ಅದು ನೀರು ಚೆಲ್ಲಿದ ನೆಲದ ಹಾಗೆ ಬೆಳಕು ಬಿದ್ದಲ್ಲೆಲ್ಲ ಬೆಳ್ಳಗಾಗುತ್ತದೆ.

ಕಪ್ಪು ಮಾಡುವುದು ಅಗ್ಗದ ಕೆಲಸವೂ ಆಗಿರಲಿಲ್ಲ. ಕಾಳಹಸ್ತಿಯ ಕಲಂಕಾರಿಯವರು ತುಕ್ಕು ಹಿಡಿದ ಕಬ್ಬಿಣದ ಚೂರು, ಬೆಲ್ಲ, ನೀರು ಸೇರಿಸಿ ವಾರಗಟ್ಟಲೆ ಹುಳಿಯಲು ಬಿಡುತ್ತಾರೆ. ಬಟ್ಟೆಯನ್ನು ಮೊದಲೇ ಅಳಲೆಕಾಯಿಯ ರಸದಲ್ಲಿ ಅದ್ದಿ ಒಣಗಿಸಿರುತ್ತಾರೆ. ಆ ಹುಳಿನೀರು ಲೇಖನಿಯಿಂದ ಬಟ್ಟೆಗೆ ತಾಗಿದರೆ ಕಣ್ಣೆದುರೇ ಕಪ್ಪು ಗೆರೆ ಮೂಡುತ್ತದೆ. ಅಳಲೆಯ ಒಗರಿಗೂ ಕಬ್ಬಿಣಕ್ಕೂ ಇರುವ ನಂಟು ಅದು. ಕಬ್ಬಿಣದ ಈಳಿಗೆಯಲ್ಲಿ ಬಾಳೆಕಾಯಿ ಹೆಚ್ಚಿದವರ ಬೆರಳಿಗೆ ಗೊತ್ತು. ಯುರೋಪಿನಲ್ಲೂ ಬಹುಕಾಲ ಇದೇ ಒಗರು, ಇದೇ ಕಬ್ಬಿಣ. ಅಲ್ಲಿ ಕಬ್ಬಿಣದ ಅಂಶ ಜಾಸ್ತಿಯಾಗಿ ಬಟ್ಟೆಯನ್ನೇ ತಿಂದುಹಾಕುತ್ತಿತ್ತು. ಹಾಗಾಗಿ ಒಳ್ಳೆಯ, ಆಳವಾದ, ಬಾಳುವ ಕಪ್ಪು ದುಡ್ಡಿದ್ದವರದ್ದಾಯಿತು. ಬರ್ಗಂಡಿಯ ಡ್ಯೂಕ್ ಫಿಲಿಪ್ ತನ್ನ ತಂದೆ 1419ರಲ್ಲಿ ಕೊಲೆಯಾದ ಮೇಲೆ ಬದುಕಿಡೀ ಕಪ್ಪು ತೊಟ್ಟ. ಸೂತಕವಾಗಿ ಶುರುವಾದದ್ದು ಅವನ ಆಸ್ಥಾನದಲ್ಲಿ ಠೀವಿಯಾಯಿತು, ಮುಂದೆ ಸ್ಪೇನಿನ ದೊರೆಗಳೂ ಅದೇ ದಾರಿ ಹಿಡಿದರು. ಮಧ್ಯ ಅಮೆರಿಕದಿಂದ ಹದಿನಾರನೇ ಶತಮಾನದಲ್ಲಿ ಒಂದು ಬಣ್ಣದ ಮರ ಬಂದ ಮೇಲೆ ಕಪ್ಪು ಸ್ವಲ್ಪ ಸಲೀಸಾಯಿತು. ಹತ್ತೊಂಬತ್ತನೇ ಶತಮಾನದ ಕೊನೆಗೆ ಗಂಧಕದ ಬಣ್ಣಗಳು ಬಂದು ಹತ್ತಿ ಬಟ್ಟೆಯ ಕಪ್ಪನ್ನು ಎಲ್ಲರ ಕೈಗೆಟುಕಿಸಿದವು. ಇವತ್ತಿಗೂ ಅಗ್ಗದ ಕಪ್ಪು ಜೀನ್ಸು, ಕಪ್ಪು ಹತ್ತಿ ಪ್ಯಾಂಟುಗಳಲ್ಲಿ ಬಹುಪಾಲು ಇರುವುದು ಈ ಗಂಧಕದ ಕಪ್ಪೇ. ಇದನ್ನು ಹೇಳಲು ಕಾರಣವಿದೆ. ಆ ಬಣ್ಣಕ್ಕೆ ಬ್ಲೀಚಿಂಗ್ ಪುಡಿ ಕಂಡರಾಗದು. ಬಚ್ಚಲು ತೊಳೆಯುವಾಗ ಸಿಡಿದ ಒಂದು ಹನಿ ಸಾಕು, ತೊಡೆಯ ಮೇಲೆ ಇಟ್ಟಿಗೆ ಬಣ್ಣದ ಚುಕ್ಕಿ ಬೀಳುತ್ತದೆ, ಮತ್ತೆ ಹೋಗುವುದಿಲ್ಲ.

ಬಣ್ಣ ಬೇರೆ ಬೇರೆ ಆದ್ದರಿಂದ ಕಪ್ಪೂ ಬೇರೆ ಬೇರೆ. ಒಂದರ ಒಳಗೆ ನೀಲಿ, ಒಂದರ ಒಳಗೆ ಕೆಂಪು, ಇನ್ನೊಂದರ ಒಳಗೆ ಹಸಿರು ಅಡಗಿರುತ್ತದೆ. ಅಂಗಡಿಯ ದೀಪದ ಕೆಳಗೆ ಅಣ್ಣತಮ್ಮಂದಿರಂತೆ ಹೊಂದಿದ ಅಂಗಿ–ಪ್ಯಾಂಟು ಬೀದಿಗೆ ಬಂದಾಗ ಪರಿಚಯವೇ ಇಲ್ಲದವರಾಗಬಹುದು. ಚಿಕ್ಕಪೇಟೆಯ ಹಳೆ ಜವಳಿ ಅಂಗಡಿಗಳಲ್ಲಿ ಇದಕ್ಕೆ ಒಂದು ರೂಢಿಯಿದೆ. ನೀವು ಪೀಸನ್ನು ಎರಡು ಸಲ ಅಡ್ಡಡ್ಡ ತಿರುಗಿಸಿ ನೋಡಿದರೆ ಸಾಕು, ಕೂತಲ್ಲಿಂದಲೇ ಹಿರಿಯರು ಹುಡುಗನಿಗೆ ಹೇಳುತ್ತಾರೆ: ‘ಸಾರ್‌ಗೆ ಹೊರಗ್ ತಗೊಂಡೋಗಿ ಬೆಳಕಲ್ಲಿ ತೋರ್ಸೋ.’ ಹುಡುಗ ಥಾನನ್ನು ಹೆಗಲ ಮೇಲೆ ಹೊತ್ತು ಗಲ್ಲಿಗೆ ಬರುತ್ತಾನೆ. ತಲೆಯ ಮೇಲೆ ತಗಡು, ತಂತಿಗಳ ನಡುವೆ ಒಂದು ತುಂಡು ಆಕಾಶ. ಅಲ್ಲಿ ಹಾಕಿಕೊಂಡು ಬಂದ ಪ್ಯಾಂಟಿನ ಪಕ್ಕ ಬಟ್ಟೆ ಹಿಡಿದರೆ ಗೊತ್ತಾಗುತ್ತದೆ, ನಿಮ್ಮ ಪ್ಯಾಂಟು ಕಪ್ಪೇ ಅಲ್ಲ, ಕಡು ಕಂದು. ಆನ್‌ಲೈನಿನಲ್ಲಿ ಕಪ್ಪು ಕೊಳ್ಳಲು ನನಗೆ ಧೈರ್ಯ ಸಾಲದಿರುವುದು ಇದಕ್ಕೇ. ಪರದೆಯ ಮೇಲೆ ಎಲ್ಲ ಕಪ್ಪೂ ಒಂದೇ.

ಹಾಗಾದರೆ ಹೊಂದಿಸುವುದು ಹೇಗೆ? ನನ್ನ ಲೆಕ್ಕ ಇಷ್ಟು. ಮೇಲಿನದೂ ಕೆಳಗಿನದೂ ಒಂದೇ ಥಾನಿನಿಂದ ಕತ್ತರಿಸಿದ್ದಾಗಿರಲಿ, ಇಲ್ಲವೇ ಒಂದಕ್ಕೊಂದು ಸಂಬಂಧವೇ ಇಲ್ಲದ ಬಟ್ಟೆಗಳಾಗಿರಲಿ. ‘ಸುಮಾರಾಗಿ ಒಂದೇ’ ಎನ್ನುವುದು ಎಲ್ಲಕ್ಕಿಂತ ಕೆಟ್ಟದ್ದು. ಹೊಂದಿಸಲು ಹೋಗಿ ಸೋತಂತೆ ಕಾಣುತ್ತದೆ. ಒರಟು ಖಾದಿಯ ಅಂಗಿಗೆ ಡೆನಿಮ್ ಸರಿ. ಸುಕ್ಕು ಬೀಳುವ ಲಿನನ್‌ಗೆ ಗಟ್ಟಿ ಹತ್ತಿಯ ಪ್ಯಾಂಟು ಸರಿ. ಕಾರ್ಡುರಾಯ್ ಪ್ಯಾಂಟಿನ ಗೆರೆಗಳಿಗೆ ಸಾದಾ ಹತ್ತಿಯ ಟೀ ಶರ್ಟು ಸರಿ. ಅಂಗಿ ಹೊಳೆದರೆ ಪ್ಯಾಂಟು ಹೊಳೆಯಬಾರದು, ಶೂ ಹೊಳೆದರೆ ಬೆಲ್ಟು ಸುಮ್ಮನಿರಬೇಕು. ಮಾಸಿದ ಕಪ್ಪು ಜೀನ್ಸಿನ ಮೇಲೆ ಹೊಚ್ಚ ಹೊಸ ಕಪ್ಪಂಗಿ ಚೆನ್ನಾಗಿಯೇ ಕಾಣುತ್ತದೆ. ಅದನ್ನೇ ತಿರುಗಿಸಿ ಹೊಸ ಪ್ಯಾಂಟಿನ ಮೇಲೆ ಮಾಸಿದ ಅಂಗಿ ಹಾಕಿದರೆ ಮನೆಯಲ್ಲಿ ಒಗೆಯುವವರಿಲ್ಲ ಎಂದು ಜನ ತಿಳಿಯುತ್ತಾರೆ.

ಹೊಳಪಿನ ಕಪ್ಪು ಫುಲ್ ಶರ್ಟನ್ನು ಇನ್ ಮಾಡಿ, ಹೊಳಪಿನ ಕಪ್ಪು ಪ್ಯಾಂಟು, ಹೊಳಪಿನ ಕಪ್ಪು ಶೂ ಹಾಕಿದರೆ ನೀವು ಎರಡರಲ್ಲಿ ಒಬ್ಬರು: ಪಬ್ಬಿನ ಬೌನ್ಸರ್ ಅಥವಾ ಕಲ್ಯಾಣಮಂಟಪದ ಕ್ಯಾಟರಿಂಗ್‌ನವರು. ನನ್ನ ಮೈಕಟ್ಟಿಗೆ ಮೊದಲನೆಯದು ಸಾಧ್ಯವಿಲ್ಲವಾದ್ದರಿಂದ ಒಂದು ರಿಸೆಪ್ಷನ್ನಿನಲ್ಲಿ ಹಿರಿಯರೊಬ್ಬರು ಜ್ಯೂಸ್ ಕುಡಿದ ಖಾಲಿ ಲೋಟವನ್ನು ನನ್ನ ಕೈಗಿಟ್ಟು, ‘ಇನ್ನೊಂದ್ ಸಿಗುತ್ತೇನಪ್ಪ?’ ಎಂದರು. ತಂದುಕೊಟ್ಟೆ. ಸಮವಸ್ತ್ರದ ವಾಸನೆ ಹೊಡೆಯದಿರಲು ಸಮವಸ್ತ್ರದವನು ಮಾಡದ್ದೊಂದನ್ನು ಮಾಡಬೇಕು. ತೋಳು ಎರಡು ಮಡಿಕೆ ಮೇಲಕ್ಕೆ, ಅಥವಾ ಕಾಲರಿಲ್ಲದ ಅಂಗಿ, ಅಥವಾ ಶೂ ಬದಲು ಹದ ಮಾಡಿದ ಚರ್ಮದ ಬಣ್ಣದ್ದೇ ಕೊಲ್ಹಾಪುರಿ. ಹೆಸರು ಕೊಲ್ಹಾಪುರದ್ದಾದರೂ ಅದರ ಜಿ.ಐ. (ಭೌಗೋಳಿಕ) ಗುರುತಿನಲ್ಲಿ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಅಥಣಿಯ ಕೈಕೆಲಸದ ಆ ಕಂದು ಚರ್ಮ ಪೂರ್ತಿ ಕಪ್ಪಿನ ಕೆಳಗೆ ಚೇಲೆಯ ಕೆಲಸವನ್ನೇ ಮಾಡುತ್ತದೆ. ಕಪ್ಪು ಪಂಚೆಯ ಮೇಲೆ ಕಪ್ಪಂಗಿಯನ್ನು ಮಾತ್ರ ಯಾವ ಉಪಾಯದಿಂದಲೂ ಫ್ಯಾಷನ್ ಮಾಡಲು ಬರುವುದಿಲ್ಲ. ಅದು ಸ್ವಾಮಿಗಳದ್ದೇ. ಬಿಟ್ಟುಬಿಡೋಣ.

ಹೊಲಿಸುವವರಿಗೆ ಎರಡು ಮಾತು. ನಮ್ಮ ಬೀದಿಯ ಟೈಲರ್ ಮಾಸ್ಟರ್ ಸಂಜೆಯ ಮೇಲೆ ಕಪ್ಪು ಬಟ್ಟೆ ಮುಟ್ಟುವುದಿಲ್ಲ. ಕಪ್ಪಿನ ಮೇಲೆ ಕಪ್ಪು ದಾರ ಕಾಣದು, ತಪ್ಪಿದರೆ ಬಿಚ್ಚುವುದು ಇನ್ನೂ ಕಷ್ಟ. ಹಾಗಾಗಿ ನನ್ನ ಅಂಗಿಗಳು ಯಾವಾಗಲೂ ‘ನಾಳೆ ಬೆಳಿಗ್ಗೆ ಬನ್ನಿ’ ಅಂಗಿಗಳು. ಗುಂಡಿಯನ್ನು ಅವರ ಡಬ್ಬಿಯಿಂದ ಆರಿಸಲು ಬಿಡಬೇಡಿ. ಮಿರುಗುವ ಪ್ಲಾಸ್ಟಿಕ್ ಗುಂಡಿ ಒಂದೊಂದೂ ಒಂದೊಂದು ಬಲ್ಬು. ತೆಂಗಿನ ಚಿಪ್ಪಿನದೋ, ಮಂಕು ಕಪ್ಪಿನದೋ ತಂದುಕೊಡಿ. ಕಾಜಾದ ಒಳಗೆ ಇಣುಕುವ ಕ್ಯಾನ್ವಾಸೂ ಕಪ್ಪೇ ಇರಲಿ. ಬಿಳಿ ಕ್ಯಾನ್ವಾಸ್ ಹಾಕಿದರೆ ಒಂದೆರಡು ತಿಂಗಳಲ್ಲಿ ಪ್ರತಿ ಕಾಜಾದ ತುಟಿಯಲ್ಲೂ ಬಿಳಿ ನೂಲು ಹಲ್ಲು ಕಿರಿಯುತ್ತದೆ.

ಇನ್ನು ನನಗೆ ಹೆಚ್ಚು ಹೇಳಬೇಕೆನಿಸುವ ವಿಷಯ. ನಾನು ಕಪ್ಪಗಿದ್ದೇನೆ. ಎಣ್ಣೆಗೆಂಪು, ಗೋಧಿ ಬಣ್ಣ ಎಂದೆಲ್ಲ ಹೇಳಿ ಸಮಾಧಾನಪಡಿಸುವಂಥ ಬಣ್ಣವಲ್ಲ, ಕಪ್ಪು. ‘ಕಪ್ಪಗಿರೋರು ಕಪ್ಪು ಹಾಕಬಾರದು’ ಎಂಬುದನ್ನು ನಾನು ಶಾಲೆಗೆ ಹೋಗುವ ಮೊದಲೇ ಕಲಿತಿದ್ದೆ. ಹಬ್ಬದ ಬಟ್ಟೆಗೆ ಕರೆದುಕೊಂಡು ಹೋದಾಗ ನನ್ನ ಮುಖ ನೋಡಿದ ಕೂಡಲೇ ಅಂಗಡಿಯವರ ಕೈ ತಿಳಿ ಗುಲಾಬಿ, ಕೆನೆ, ಆಕಾಶನೀಲಿಯ ಕಡೆ ಹೋಗುತ್ತಿತ್ತು. ಈಗಲೂ ಹೋಗುತ್ತದೆ. ಕಪ್ಪು ತೋರಿಸಿ ಎಂದರೆ ‘ನಿಮ್ ಕಲರ್‌ಗೆ ಡಲ್ ಹೊಡಿಯುತ್ತೆ ಸಾರ್, ಇದ್ ನೋಡಿ’ ಎಂದು ಮತ್ತೆ ಕೆನೆಬಣ್ಣ ಹರಡುತ್ತಾರೆ. ಅವರದು ದುಷ್ಟತನವಲ್ಲ, ಕಾಳಜಿ. ಆದರೂ ಹೇಳುತ್ತಿರುವುದೇನು? ನಿನ್ನ ಬಣ್ಣ ಒಂದು ಕೊರತೆ, ಬಟ್ಟೆ ಅದನ್ನು ಸರಿದೂಗಿಸಬೇಕು, ಎರಡೂ ಕಪ್ಪಾದರೆ ಗತಿಯೇನು ಎಂದು. ಫೇರ್ ಆಂಡ್ ಲವ್ಲಿ 2020ರಲ್ಲಿ ಹೆಸರು ಬದಲಿಸಿಕೊಂಡು ‘ಗ್ಲೋ’ ಆಯಿತು. ಜವಳಿ ಅಂಗಡಿಯ ಕೌಂಟರ್ ಇನ್ನೂ ಬದಲಿಸಿಕೊಂಡಿಲ್ಲ.

ಕಣ್ಣಿಗೆ ಕಾಣುವ ಲೆಕ್ಕದಲ್ಲೂ ಆ ಮಾತು ನಿಲ್ಲುವುದಿಲ್ಲ. ಕಪ್ಪು ಮೈಯ ಮೇಲೆ ಕೆನೆಬಣ್ಣದ ಅಂಗಿ ಹಾಕಿದಾಗ ನೋಡುವವರಿಗೆ ಮೊದಲು ಕಾಣುವುದು ಅಂಗಿ, ಆಮೇಲೆ ಮುಖ. ಕಪ್ಪಂಗಿ ಹಾಕಿದರೆ ಕುತ್ತಿಗೆಯ ಹತ್ತಿರ ಆ ಗೆರೆ ಎಳೆದಂಥ ಗಡಿ ಮಾಯವಾಗುತ್ತದೆ. ಕೈ, ತೋಳು, ಮುಖ ಎಲ್ಲ ಒಂದೇ ಉದ್ದನೆಯ ಓಟವಾಗಿ, ಆ ಓಟದಲ್ಲಿ ಅತಿ ಬೆಳಕಿನ ಜಾಗ ಮುಖವೇ ಆಗಿರುತ್ತದೆ. ಕಣ್ಣು, ಹಲ್ಲು, ನಗು ಎಲ್ಲ ಮುಂದೆ ಬರುತ್ತವೆ. ಬೆಳ್ಳಗಿರುವ ಗಂಡಸಿಗೆ ಕಪ್ಪು ಚೆನ್ನಾಗಿ ಕಾಣುವುದು ವೈದೃಶ್ಯದಿಂದ. ಅದಕ್ಕೆ ದೊಡ್ಡ ಜಾಣತನ ಬೇಕಿಲ್ಲ. ಕಪ್ಪಗಿರುವವನಿಗೆ ಅದು ಒಪ್ಪುವುದು ಒಗ್ಗುವುದರಿಂದ. ನನ್ನನ್ನು ಕೇಳಿದರೆ ಎರಡನೆಯದೇ ಹೆಚ್ಚು ಸೊಗಸು.

ಫೋಟೊದ ವಿಷಯ ಇನ್ನೂ ಮಜಾ. ಕ್ಯಾಮೆರಾ ತಾನಾಗಿಯೇ ಬೆಳಕು ಅಳೆಯುವಾಗ ಚೌಕಟ್ಟಿನಲ್ಲಿರುವುದನ್ನೆಲ್ಲ ಸರಾಸರಿ ಬೂದು ಎಂದುಕೊಳ್ಳುತ್ತದೆ. ಬಿಳಿ ಅಂಗಿ ದಂಡಿಯಾಗಿದ್ದರೆ ‘ಬೆಳಕು ಜಾಸ್ತಿಯಾಯಿತು’ ಎಂದು ಇಡೀ ಚಿತ್ರವನ್ನು ತಗ್ಗಿಸುತ್ತದೆ. ಆಗ ಕಪ್ಪು ಮುಖ ಇನ್ನೂ ಕಪ್ಪಾಗಿ ಕಣ್ಣು ಮೂಗೇ ಕಾಣದ ಹಾಗಾಗುತ್ತದೆ. ನಮ್ಮ ಮನೆಯ ಹಳೆ ಮದುವೆ ಆಲ್ಬಮ್ಮುಗಳಲ್ಲಿ ಬಿಳಿ ಪಂಚೆ, ಬಿಳಿ ಶರ್ಟಿನ ಎಷ್ಟು ಮಾವಂದಿರು, ಚಿಕ್ಕಪ್ಪಂದಿರು ಹೀಗೆ ಮುಖ ಕಳೆದುಕೊಂಡು ನಿಂತಿದ್ದಾರೋ. ಕಪ್ಪಂಗಿ ಹಾಕಿ ನಿಂತರೆ ಅದೇ ಕ್ಯಾಮೆರಾ ‘ಕತ್ತಲಾಯಿತು’ ಎಂದು ಬೆಳಕು ಏರಿಸುತ್ತದೆ, ಮುಖ ಅಚ್ಚುಕಟ್ಟಾಗಿ ಬರುತ್ತದೆ. ಈಗಿನ ಫೋನುಗಳು ಮುಖ ಗುರುತಿಸಿ ಒಂದಷ್ಟು ಸರಿಪಡಿಸಿಕೊಳ್ಳುತ್ತವಾದರೂ ಈ ಸ್ವಭಾವ ಪೂರ್ತಿ ಹೋಗಿಲ್ಲ. ಕಪ್ಪಗಿರುವ ಹುಡುಗರಿಗೆ ಪಾಸ್‌ಪೋರ್ಟ್ ಫೋಟೊಗೆ ಬಿಳಿ ಅಂಗಿ ಬೇಡ, ಕಡು ಬಣ್ಣದ್ದು ಹಾಕಿಕೊಂಡು ಹೋಗು ಎಂದು ನಾನು ಹೇಳುವುದು ಇದಕ್ಕೇ.

‘ಕಾಗೆ’ ಎಂದು ಕರೆಯುವವರು ಎಲ್ಲ ಊರಲ್ಲೂ ಇರುತ್ತಾರೆ. 1981ರಲ್ಲಿ ಜಪಾನಿನ ವಸ್ತ್ರವಿನ್ಯಾಸಕರಾದ ರೇ ಕವಾಕುಬೊ ಮತ್ತು ಯೋಜಿ ಯಮಾಮೊಟೊ ಪ್ಯಾರಿಸ್ಸಿಗೆ ತಮ್ಮ ಉಡುಪುಗಳನ್ನು ಕೊಂಡೊಯ್ದು, ಮುಂದಿನ ಕೆಲವು ವರ್ಷ ಸಡಿಲ, ಹರಕು, ಅಂಚಿಲ್ಲದ ಕಪ್ಪು ಬಟ್ಟೆಗಳಿಂದ ಅಲ್ಲಿನವರನ್ನು ಗಾಬರಿಗೊಳಿಸಿದರು. ಅವರ ಬಟ್ಟೆ ತೊಟ್ಟು ಟೋಕಿಯೊ ಬೀದಿಯಲ್ಲಿ ತಿರುಗುತ್ತಿದ್ದ ಹುಡುಗ ಹುಡುಗಿಯರಿಗೆ ಅಲ್ಲಿ ಬಿದ್ದ ಹೆಸರು ಕಾಗೆ ಗುಂಪು. ಇಂದು ಪೂರ್ತಿ ಕಪ್ಪನ್ನು ಸಡಿಲವಾಗಿ, ಪದರ ಪದರವಾಗಿ ಹಾಕುವವರೆಲ್ಲ ಗೊತ್ತಿದ್ದೋ ಗೊತ್ತಿಲ್ಲದೆಯೋ ಆ ಗುಂಪಿನವರೇ.

ಸಡಿಲ ಎಂದ ಮೇಲೆ ಸೆಕೆಯ ಮಾತು ಬರಲೇಬೇಕು. ‘ಈ ಬಿಸಿಲಲ್ಲಿ ಕಪ್ಪಾ?’ ಇದಕ್ಕೆ ನಾನು ಮರುಭೂಮಿಯ ಬೆದೂಯಿನ್ ಜನರನ್ನು ಮುಂದೆ ಮಾಡುತ್ತೇನೆ. ಸಿನಾಯ್ ಕಡೆ ಅವರು ಕಪ್ಪು ನಿಲುವಂಗಿ ತೊಡುವುದೇಕೆ ಎಂದು ತಿಳಿಯಲು ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಒಬ್ಬರನ್ನು ನಡುಮಧ್ಯಾಹ್ನ ಕಪ್ಪು ನಿಲುವಂಗಿ, ಬಿಳಿ ನಿಲುವಂಗಿ, ಸೈನಿಕರ ಉಡುಪು ಹೀಗೆ ಸರದಿಯಲ್ಲಿ ತೊಡಿಸಿ ನಿಲ್ಲಿಸಿದ್ದರು. ಅದರ ವರದಿ 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಕಪ್ಪು ಬಟ್ಟೆ ಬಿಸಿಲನ್ನು ಹೆಚ್ಚು ಹೀರಿದ್ದು ನಿಜ. ಆದರೆ ಆ ಹೆಚ್ಚಿನ ಶಾಖ ಮೈಗೆ ಮುಟ್ಟುವ ಮೊದಲೇ ಸಡಿಲ ನಿಲುವಂಗಿಯೊಳಗಿನ ಗಾಳಿಯಲ್ಲಿ ಹೊರಟುಹೋಗುತ್ತಿತ್ತು. ಮೈಗೆ ತಾಗಿದ ಶಾಖದಲ್ಲಿ ಕಪ್ಪಿಗೂ ಬಿಳಿಗೂ ವ್ಯತ್ಯಾಸವಿರಲಿಲ್ಲ. ಇಲ್ಲಿ ಮುಖ್ಯ ಮಾತು ‘ಸಡಿಲ’. ಮೈಗಂಟಿದ ಕಪ್ಪು ಟೀ ಶರ್ಟು ಹಾಕಿಕೊಂಡು ಮೇ ತಿಂಗಳಲ್ಲಿ ರಾಯಚೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ನೇಚರ್ ಪತ್ರಿಕೆ ಸಹಾಯಕ್ಕೆ ಬರುವುದಿಲ್ಲ. ದೊಗಲೆ ಲಿನನ್, ತೆಳು ಖಾದಿಯ ಜುಬ್ಬಾ, ಗಾಳಿಯಾಡುವ ತೋಳು ಇದ್ದರೆ ನಡೆಯುತ್ತದೆ. ಸೊಳ್ಳೆಗೂ ಕಡುಬಣ್ಣ ಇಷ್ಟ, ಅದಕ್ಕೆ ಉಪಾಯವಿಲ್ಲ. ರಾತ್ರಿ ಗಾಡಿ ಓಡಿಸುವವರು ಮಾತ್ರ ಕಪ್ಪಿನ ಮೇಲೆ ಹೊಳೆಯುವ ಪಟ್ಟಿಯ ಜಾಕೆಟ್ ಹಾಕಿಕೊಳ್ಳಲೇಬೇಕು. ಹಿಂದಿನಿಂದ ಬರುವ ಲಾರಿಯವರಿಗೆ ನಿಮ್ಮ ಸ್ಟೈಲು ಕಾಣುವುದಿಲ್ಲ, ನೀವೂ ಕಾಣುವುದಿಲ್ಲ.

ಕಪ್ಪಿನ ನಿಜವಾದ ದುಡಿಮೆ ಇರುವುದು ಒಗೆಯುವ ಕಲ್ಲಿನ ಹತ್ತಿರ. ಒಳಗು ಹೊರಗು ಮಾಡಿ ತಣ್ಣೀರಿನಲ್ಲಿ ಒಗೆಯಬೇಕು, ನೆರಳಲ್ಲಿ ಒಣಗಿಸಬೇಕು, ಬಿಳಿ ಟವೆಲ್ ಜೊತೆ ಮೆಷಿನ್ನಿಗೆ ಹಾಕಬಾರದು. ಬೋರ್‌ವೆಲ್ಲಿನ ಗಡಸು ನೀರಿದ್ದರೆ ಕೊನೆಯ ಜಾಲಿಗೆ ಒಂದೆರಡು ಚಮಚ ವಿನೆಗರ್ ಹಾಕಿದರೆ ಬೂದಿ ಮೆತ್ತಿದಂಥ ಆ ಬಿಳುಪು ಕಮ್ಮಿಯಾಗುತ್ತದೆ. ಬೆನ್ನ ಮೇಲೆ ಬೆವರು ಆರಿ ಉಳಿದ ಉಪ್ಪಿನ ಗೆರೆ, ಕಂಕುಳ ಹತ್ತಿರ ಡಿಯೋಡರೆಂಟಿನ ಬಿಳಿ ಪಟ್ಟೆ, ಭುಜದ ಮೇಲೆ ಹೊಟ್ಟು, ಪಕ್ಕದ ಮನೆಯ ಬೆಕ್ಕಿನ ಕೂದಲು ಎಲ್ಲ ಕಪ್ಪಿನ ಮೇಲೆ ಬರೆದಿಟ್ಟಂತೆ ಕಾಣುತ್ತವೆ. ಇಸ್ತ್ರಿ ಗಾಡಿಯವರಿಗೆ ಕೊಡುವಾಗ ತಿರುಗಿಸಿಯೇ ಕೊಡುತ್ತೇನೆ, ‘ಹಾಗೇ ಮಾಡಿ ಅಣ್ಣ, ಮೇಲ್ಗಡೆ ಮುಟ್ಟಿಸಬೇಡಿ’ ಎಂದು. ಕೆಂಡದ ಪೆಟ್ಟಿಗೆ ನೇರ ತಾಗಿದರೆ ಟೆರಿಕಾಟ್ ಪ್ಯಾಂಟಿನ ಜೇಬಿನ ಅಂಚು, ಜಿಪ್ಪಿನ ಪಟ್ಟಿ ಕನ್ನಡಿ ಹೊಳೆದಂತೆ ಹೊಳೆಯತೊಡಗುತ್ತವೆ.

ಎಷ್ಟು ಜೋಪಾನ ಮಾಡಿದರೂ ಹತ್ತಿಯ ಕಪ್ಪು ಮಾಸುತ್ತದೆ. ನನ್ನ ಹಳೆಯ ಅಂಗಿಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಬಟ್ಟೆ ಮಳೆಗಾಲದ ಮೋಡದ ಬೂದು ಬಣ್ಣಕ್ಕೆ ತಿರುಗಿದೆ, ಹೊಲಿಗೆ ಮಾತ್ರ ಕಡುಗಪ್ಪಾಗಿ ಉಳಿದಿದೆ. ದಾರ ಪಾಲಿಯೆಸ್ಟರ್, ಅದರ ಬಣ್ಣ ಅಷ್ಟು ಬೇಗ ಬಿಡುವುದಿಲ್ಲ. ಕಾಲರಿನ ಸುತ್ತ, ಜೇಬಿನ ಮೂಲೆಯಲ್ಲಿ, ತೋಳಿನ ಪಟ್ಟಿಯಲ್ಲಿ ಮಾಸ್ಟರ್ ಹಾಕಿದ ಒಂದೊಂದು ಟಾಕವೂ ಎಣಿಸುವಷ್ಟು ಸ್ಪಷ್ಟ. ಅದನ್ನು ಮತ್ತೆ ಡೈಯಿಂಗ್‌ಗೆ ಕೊಡುವ ಯೋಚನೆ ಬಂದಿತ್ತು, ಬಿಟ್ಟೆ. ಜೀನ್ಸಿನ ಮೇಲೆ ಭಾನುವಾರ ಹಾಕಲು ಅದೇ ಚೆನ್ನ.

ಇಷ್ಟೆಲ್ಲ ಆದ ಮೇಲೂ ಮನೆಯ ಹಬ್ಬಗಳಲ್ಲಿ ನನ್ನ ಬೀರು ನಿರುಪಯೋಗಿ. ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಕಪ್ಪು, ಕಾಲಿಗೆ ಕಟ್ಟುವ ದಾರ ಕಪ್ಪು, ತಾಳಿಯ ಜೊತೆಗಿನ ಕರಿಮಣಿ ಕಪ್ಪು. ಇವೆಲ್ಲ ಕಾಯುವ ಕಪ್ಪುಗಳು. ಅಂಗಿಯಾದ ಕೂಡಲೇ ಅದು ಶನಿಯ ಕಪ್ಪಾಗುತ್ತದೆ. ಮದುವೆಗಳಲ್ಲಿ ಇದಕ್ಕೆ ಒಂದು ರಾಜಿಸೂತ್ರ ತಾನಾಗಿಯೇ ಹುಟ್ಟಿಕೊಂಡಿದೆ: ಸಂಜೆ ರಿಸೆಪ್ಷನ್ನಿಗೆ ಗಂಡು ಕಪ್ಪು ಸೂಟಿನಲ್ಲೇ ನಿಲ್ಲಬಹುದು, ಮರುದಿನ ಬೆಳಿಗ್ಗೆ ಮುಹೂರ್ತಕ್ಕೆ ಕಪ್ಪು ಕರವಸ್ತ್ರವೂ ಸಲ್ಲದು. ನಾನು ಮುಹೂರ್ತಕ್ಕೆ ಬಿಳಿ ಪಂಚೆಯಲ್ಲೇ ಹೋಗುತ್ತೇನೆ. ನಂಬಿಕೆಯಿಂದಲ್ಲ, ಮದುವೆ ಮನೆಯವರ ಎದೆ ಧಸಕ್ ಎನ್ನುವಂತೆ ಮಾಡುವಷ್ಟು ಬೆಲೆ ಯಾವ ಸ್ಟೈಲಿಗೂ ಇಲ್ಲ.

ಸಂಕ್ರಾಂತಿಗೆ ಮಾತ್ರ ನಾನು ಪ್ರತಿವರ್ಷ ವಾದ ಹೂಡುತ್ತೇನೆ. ಮಹಾರಾಷ್ಟ್ರದಲ್ಲಿ, ಬೆಳಗಾವಿ ಕಡೆಯ ಹಲವು ಮನೆಗಳಲ್ಲಿ ಆ ದಿನ ಕಪ್ಪು ಉಡುವುದೇ ಪದ್ಧತಿ. ಹೆಂಗಸರು ಕಪ್ಪು ಚಂದ್ರಕಾಳಿ ಸೀರೆ ಉಡುತ್ತಾರೆ, ಚಳಿಗಾಲದಲ್ಲಿ ಕಪ್ಪು ಬೆಚ್ಚಗಿಡುತ್ತದೆ ಎಂಬುದು ಅವರ ವಿವರಣೆ. ಇದನ್ನೆಲ್ಲ ನಾನು ದೊಡ್ಡಮ್ಮನಿಗೆ ಹೇಳಿದೆ, ಫೋಟೊ ಕೂಡ ತೋರಿಸಿದೆ. ಅವರು ಎಳ್ಳು ಹುರಿಯುವುದನ್ನು ನಿಲ್ಲಿಸದೆ ಪೂರ್ತಿ ಕೇಳಿಸಿಕೊಂಡರು. ‘ಹೌದಾ? ಚೆನ್ನಾಗಿದೆ ಕಣೋ’ ಎಂದರು. ‘ಹಾಗಾದ್ರೆ ಬೆಳಗಾವಿಗೆ ಹೋದಾಗ ಹಾಕ್ಕೋ. ಇಲ್ಲಿ ಆ ಹಳದಿ ಜುಬ್ಬಾ ಇಸ್ತ್ರಿ ಮಾಡಿಸಿಟ್ಟಿದೀನಿ ನೋಡು.’